ಅಂಗೈಯ ಬಿಸುಪು

ಎರಡನೆಯ ಸಲ ಹೆಸರು ಕೂಗಿದಾಗಲೂ ಬಸವೇಶ್ವರಿ ಚರ್ಮದ ಡಾಕ್ಟರ ಕ್ಲಿನಿಕ್ಕಿನ ಬೆಂಚು ಬಿಟ್ಟು ಏಳಲಿಲ್ಲ. ಈ ಹೆಸರು ಕೂಗಲಿ ಎಂದೇ ಆಕೆ ಬೆಳಿಗ್ಗೆ ಆರೂವರೆಗೆ ನಾರಾಯಣಖೇಡ ಬಿಟ್ಟದ್ದು. ರಾಯಿಕೋಡ್‌ವರೆಗೆ ಒಂದು ಶೇರ್ ಆಟೋ, ಅಲ್ಲಿ ಮುಕ್ಕಾಲು ಗಂಟೆ ಕಾದು ಇನ್ನೊಂದು, ತೊಗರಿ ಚೀಲದ ಮೇಲೆ ಕಾಲಿಟ್ಟುಕೊಂಡು ಜಹೀರಾಬಾದು. ಇಷ್ಟು ದೂರ ಬಂದ ಕಾಲು ಇನ್ನು ನಾಲ್ಕು ಹೆಜ್ಜೆ ಬರಲೊಲ್ಲೆ ಎನ್ನುತ್ತಿತ್ತು. ಎದುರಿನ ಗೋಡೆಯ ಮೇಲೆ ಒಬ್ಬಳದೇ ಎರಡು ಮುಖ, ಮೊಡವೆ ಇದ್ದದ್ದೊಂದು, ಮೊಡವೆ ಹೋದದ್ದೊಂದು. ಬೆಂಚಿನ ತುಂಬ ಹದಿನೆಂಟು ಇಪ್ಪತ್ತರ ಹುಡುಗಿಯರು; ಮದುವೆ ಗೊತ್ತಾದವರು, ಮದುವೆ ಗೊತ್ತಾಗಲಿ ಎಂದು ಬಣ್ಣ ತಿಳಿ ಮಾಡಿಸಿಕೊಳ್ಳಲು ಬಂದವರು. ಅವರ ನಡುವೆ ನಲವತ್ತೆಂಟರ ಗಣಿತದ ಟೀಚರು, ಎಡಗೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡು ಕೂತಿದ್ದಾಳೆ. ಈ ವಯಸ್ಸಿಗೆ ಇವಳಿಗೇನು ಚೆಲುವಿನ ಹಂಬಲ ಎಂದುಕೊಳ್ಳುತ್ತಿದ್ದಾರೇನೋ. ಪಕ್ಕದ ಹುಡುಗಿ ಮೊಣಕೈ ತಾಗಿಸಿ "ಮೇಡಂ, ಮಿಮ್ಮಲ್ನೇ" ಎಂದು ತೆಲುಗಿನಲ್ಲಿ ಹೇಳಿದ ಮೇಲೆ, ನಿಮ್ಮನ್ನೇ ಕರೆಯುತ್ತಿರುವುದು ಎಂದು ಬೇರೊಬ್ಬರು ತೋರಿಸಿಕೊಟ್ಟ ಮೇಲೆ, ಎದ್ದಳು.

ಡಾಕ್ಟರ್ ಮೃಣಾಲಿನಿ ಜಹೀರಾಬಾದಿನವಳೇ, ಬ್ಯಾಂಕ್ ನೌಕರರ ಮಗಳು, ವಯಸ್ಸು ಮೂವತ್ತೈದು ದಾಟಿರಲಾರದು. ಬಂದವರೊಂದಿಗೆಲ್ಲ ತೆಲುಗು ಮಾತಾಡುವವಳು ಈಕೆಯೊಂದಿಗೆ ಮಾತ್ರ ಮನೆಯ ಕನ್ನಡಕ್ಕೆ ಇಳಿಯುತ್ತಿದ್ದಳು. ಆ ಕನ್ನಡವೇ ಬಸವೇಶ್ವರಿಗೆ ಭಯ. ಕೆಟ್ಟ ಸುದ್ದಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬಂದರೆ ಅದೊಂದು ಸರ್ಕಾರಿ ಸುತ್ತೋಲೆ, ಓದಿ ಪಕ್ಕಕ್ಕಿಡಬಹುದು. ಅವ್ವನ ಮಾತಿನಲ್ಲಿ ಬಂದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

"ಕೂಡ್ರಿ ಟೀಚರ್. ಜೋಡಿ ಯಾರೂ ಬಂದಿಲ್ಲೇನು?"

"ಇಲ್ರಿ. ಎಲ್ಲಾರಿಗೂ ಕೆಲಸ ಅವ."

ಎಲ್ಲರೂ ಅಂದರೆ ಯಾರು? ಅತ್ತೆ ಕಾಂತಾಬಾಯಿ ಹೋಗಿ ವರ್ಷವಾಯಿತು. ಮಕ್ಕಳಿಲ್ಲ. ಉಳಿದವನು ಗಂಡ ವೈಜಿನಾಥ ಒಬ್ಬ, ತಾಂಡೂರಿನಲ್ಲಿ, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಸೂಪರ್‌ವೈಸರು. ಹದಿನಾಲ್ಕು ವರ್ಷದ ಹಿಂದೆ, ಎರಡು ವರ್ಷದ ಮಾತು, ಆಮೇಲೆ ಇತ್ತಲೇ ಎಲ್ಲಾದರೂ ಕೆಲಸ ನೋಡುತ್ತೇನೆ ಎಂದು ಹೋದವನು ಇನ್ನೂ ನೋಡುತ್ತಲೇ ಇದ್ದಾನೆ. ಎರಡು ವಾರಕ್ಕೊಂದು ಶನಿವಾರ ಬರುತ್ತಾನೆ. ಅವನಿಗೆ ಈ ಮೂರು ತಿಂಗಳಿಂದ ಏನನ್ನೂ ಹೇಳಿಲ್ಲ. ಕೈಗೇನು ಪಟ್ಟಿ ಎಂದು ಕೇಳಿದ್ದಕ್ಕೆ ಕುಕ್ಕರಿನ ಹಬೆ ಬಡಿಯಿತು ಎಂದಳು. ಅವನು ಹೌದೇ ಎಂದು ಸುಮ್ಮನಾದ. ಸುಮ್ಮನಾದದ್ದಕ್ಕೆ ಆಕೆಗೆ ಮೈ ಉರಿಯಿತು, ಎರಡು ದಿನ ಸಾರಿಗೆ ಉಪ್ಪು ಹೆಚ್ಚು ಬಿತ್ತು.

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಈಕೆಯ ಕಡೆ ತಿರುಗಿಸಿದಳು. "ಹೈದರಾಬಾದಿಂದ ಸ್ಕ್ಯಾನ್ ಬಂದದ. ನಾ ಸುತ್ತಿ ಬಳಸಿ ಹೇಳೂದಿಲ್ಲ. ಅಂಗೈಯಾಗಿನ ಗಡ್ಡಿ ಒಳಗಿನ ಎಲುಬಿಗಿ ಮುಟ್ಯಾದ. ಬಗಲಾಗ ಎರಡು ಗಂಟು ಅವ, ಸೂಜಿ ಹಾಕಿ ನೋಡಿದ್ವಲ್ಲ, ಅಲ್ಲೂ ಅದೇ ಹರಡ್ಯಾದ. ಪುಪ್ಪಸ ಸಾಫ್ ಅದ. ಇವತ್ತಿಗಿ ಸಾಫ್ ಅದ. ಇನ್ನೊಂದು ತಿಂಗಳ ಬಿಟ್ಟು ಹ್ಯಾಂಗಿರತದೋ ನನಗ ಗೊತ್ತಿಲ್ಲ."

"ಕೈ?"

"ಮದಲ ಹೇಳಿದಾಂಗ ಮಣಿಕಟ್ಟಿನ ತನಕ ತೆಗೀಬೇಕಾಗತದ. ಬಗಲಿನ ಗಂಟೂ ತೆಗೀತಾರ. ಆಮ್ಯಾಲ ಕರೆಂಟ್ ಕೊಡತಾರ, ರೇಡಿಯೇಷನ್ ಅಂತಾರಲ್ಲ, ಅದು. ಹೈದರಾಬಾದಿನಾಗ ಗುರುವಾರ ಬೆಡ್ ಹಿಡದಿಟ್ಟಾರ. ಎರಡು ಸಲ ಆಪರೇಷನ್ ತಾರೀಖು ತಪ್ಪಿಸೀರಿ ಟೀಚರ್. ಈ ಸಲಾನೂ ತಪ್ಪಿಸಿದ್ರ ನನ್ನ ಕೈಲೆ ಏನೂ ಮಾಡಾಕ ಆಗಲ್ಲ."

"ಗುಳಗಿ, ಇಂಜೆಕ್ಷನ್, ಅದರಾಗ ಆಗಲ್ಲೇನ್ರಿ?"

"ಇದು ಬೆವರು ಬರೋ ನಾಳದಾಗ ಹುಟ್ಟೂ ಕ್ಯಾನ್ಸರ್. ಲಕ್ಷ ಮಂದಿಯಾಗ ಒಬ್ಬರಿಗೂ ಬರಲ್ಲ. ಯಾವ ಔಷಧ ಹತ್ತತದ, ಯಾವುದು ಹತ್ತಲ್ಲ ಅಂತ ಗಟ್ಟಿ ಹೇಳಬೇಕಂದ್ರ ಅಷ್ಟು ಬ್ಯಾನಿ ಮಂದೀನೇ ಇಲ್ಲ. ನಾ ಓದೂ ಮುಂದ ಪುಸ್ತಕದಾಗ ಒಂದು ಫೋಟೋ ನೋಡಿದ್ದೆ. ಕಣ್ಣಿಲೆ ನೋಡಿದ್ದು ನಿಮ್ಮ ಕೈಯಾಗೇ."

ಲಕ್ಷದಲ್ಲಿ ಒಬ್ಬಳು. ಕೇಳಿದ ಕೂಡಲೇ ಎದೆಯೊಳಗೆ ಸಣ್ಣದೊಂದು ಹಿಗ್ಗು ಹಾದುಹೋದದ್ದು ಬಸವೇಶ್ವರಿಗೆ ಗೊತ್ತಾಯಿತು. ಥೂ, ಎಂದುಕೊಂಡಳು. ಕೈ ಹೋಗುತ್ತದೆ ಎಂದು ಹೇಳುತ್ತಿರುವಾಗಲೂ ತಾನು ಎಲ್ಲರಂತಲ್ಲ ಎಂಬುದಕ್ಕೆ ಬಾಯಿ ಬಿಡುವ ಈ ಬುದ್ಧಿಯನ್ನು ಯಾವ ಸ್ಕ್ಯಾನಿನಲ್ಲಿ ಹಿಡಿಯಬೇಕು? ಇದೇ ಬುದ್ಧಿಯಲ್ಲವೆ ಎರಡು ವರ್ಷ ಆಕೆಯನ್ನು ಡಾಕ್ಟರ ಬಾಗಿಲಿಗೆ ಬಿಡದೆ ಹಿಡಿದಿಟ್ಟದ್ದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಒಂಬತ್ತನೆಯ ಕ್ಲಾಸಿನವರಿಗೆ ಎಷ್ಟು ಸಲ ಹೇಳಿಲ್ಲ. ಎದುರಿಗೇ ಇರುವುದನ್ನು ಸಾಧಿಸಿ ತೋರಿಸು ಎಂದು ಕೇಳುವ ಹುಡುಗರನ್ನು ಆ ಗಾದೆಯಿಂದ ಬಾಯಿ ಮುಚ್ಚಿಸುವುದು ಆಕೆಯ ರೂಢಿ. ಆಕೆಯ ಅಂಗೈ ಹುಣ್ಣಿಗೆ ಎಷ್ಟು ಕನ್ನಡಿ ಬೇಕಾದವು! ಈ ಡಾಕ್ಟರೇ ಮೊದಲು ನರೂಲಿ ಇರಬಹುದು ಅಂದಿದ್ದಳು. ಒಂದು ಚೂರು ಕತ್ತರಿಸಿ ಹೈದರಾಬಾದಿಗೆ ಕಳಿಸಿದರೆ ಅಲ್ಲಿಯವರಿಗೂ ಗೊತ್ತಾಗದೆ ಇನ್ನೊಬ್ಬರಿಗೆ ತೋರಿಸಿ, ನಾಲ್ಕು ಬಗೆಯ ಬಣ್ಣ ಹಾಕಿ, ನಾಲ್ಕು ವಾರಕ್ಕೆ ಹೆಸರು ಹಚ್ಚಿದರು. ಹೆಸರೇನೋ ಈಗ ಸಿಕ್ಕಿತು, ಆದರೆ ಅದಕ್ಕೆ ಮೊದಲೇ ಮನೆಯಲ್ಲಿ ಒಂದು ಹೆಸರು ಇಟ್ಟಾಗಿತ್ತು.

ಎರಡು ವರ್ಷದ ಹಿಂದಿನ ಶ್ರಾವಣ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತ ಕೂರುವುದು ಏಳನೆಯ ವಯಸ್ಸಿನಿಂದ ಬಂದ ರೂಢಿ. ಅಂದು ಲಿಂಗ ಎತ್ತಿಡುವಾಗ ನೋಡಿದರೆ ಅಂಗೈಯ ನಟ್ಟ ನಡುವೆ, ಲಿಂಗ ಕೂರುವ ಜಾಗದಲ್ಲೇ, ತೊಗರಿ ಕಾಳಿನಷ್ಟು ಕೆಂಪಗೆ ಎದ್ದಿತ್ತು. ಅತ್ತೆಗೆ ತೋರಿಸಿದಳು. ಕಾಂತಾಬಾಯಿ ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, "ಲಿಂಗ ಕುಂತು ಕುಂತು ಗದ್ದುಗಿ ಮಾಡ್ಕೊಂಡದ ನೋಡವ್ವ. ನಾ ಅರವತ್ತು ವರ್ಷ ಹಿಡದೀನಿ, ನನ್ನ ಕೈಯಾಗ ಆಗಲಿಲ್ಲ" ಎಂದಳು. ಇಪ್ಪತ್ತೊಂದು ವರ್ಷದಲ್ಲಿ ಸೊಸೆಯ ರೊಟ್ಟಿಯನ್ನಾಗಲಿ ಸಂಬಳವನ್ನಾಗಲಿ ಒಂದು ಸಲ ಹೊಗಳದ ಬಾಯಿ ಅದು. ಅದರಲ್ಲಿ ಅಸೂಯೆ ಇತ್ತು; ಅಸೂಯೆ ಇದ್ದದ್ದರಿಂದಲೇ ಬಸವೇಶ್ವರಿ ನಂಬಿದಳು. ಓಣಿಯ ಹೆಂಗಸರು ಬಂದು ಆ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡು ಹೋದರು. ಮನೂರಿನಿಂದ ಪ್ರೇಮಲಾ ಎಂಬವಳು ಜ್ವರದ ಕೂಸನ್ನು ತಂದು "ಅದೇ ಕೈ ಇಡ್ರಿ ಅಕ್ಕಾ" ಎಂದಾಗ ಬೇಡ ಬೇಡ ಎನ್ನುತ್ತಲೇ ಇಟ್ಟಳು. ಜ್ವರ ಎರಡು ದಿನಕ್ಕೆ ಇಳಿಯಿತು. ಜ್ವರಗಳು ಇಳಿಯುವುದೇ ಹಾಗೆ ಎಂದು ಗಣಿತದ ಟೀಚರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೂ ಪ್ರೇಮಲಾ ತಂದ ತೆಂಗಿನಕಾಯಿ ಇಸಿದುಕೊಂಡಳು.

ಆದರೆ ಮಂದಿಯ ಮಾತು ಬೇರೆ, ಆಕೆಗೆ ಒಳಗೆ ಆಗುತ್ತಿದ್ದದ್ದು ಬೇರೆ. ಬೆಳಗಿನ ಹೊತ್ತು ಲಿಂಗ ತಣ್ಣಗಿರುತ್ತದೆ. ಕೈಯ ಶಾಖ ಅದಕ್ಕೆ ಹತ್ತಲು ಹೊತ್ತು ಬೇಕು. ಆ ಶ್ರಾವಣದಿಂದ ಇಟ್ಟ ಕೂಡಲೇ ಅಂಗೈ ಬೆಚ್ಚಗಾಗುತ್ತಿತ್ತು. ಒಳಗೆ ಯಾರೋ ಎದ್ದು ಕೂತ ಹಾಗೆ ಮೆಲ್ಲಗೆ ಮಿಡಿಯುತ್ತಿತ್ತು. ಆ ಬಿಸುಪು ಮಣಿಕಟ್ಟು ದಾಟಿ, ಮೊಣಕೈ ದಾಟಿ ಎದೆಯ ತನಕ ಬಂತೆಂದರೆ ಬಸವೇಶ್ವರಿಯ ಕಣ್ಣು ತುಂಬುತ್ತಿತ್ತು. ಭಕ್ತಿ ಎಂದುಕೊಂಡಳು. ಆದರೆ ಭಕ್ತಿ ಶನಿವಾರದ ಮಾರನೆಯ ದಿನ ಯಾಕೆ ಹೆಚ್ಚಾಗುತ್ತಿತ್ತು? ಶನಿವಾರ ಸಂಜೆ ಬರುವ ಗಂಡ ತನ್ನ ಅವ್ವನ ಹಾಸಿಗೆಯ ಪಕ್ಕ ಕೂತು ಅವಳ ಕೆಮ್ಮಿನ ಸಮಾಚಾರ ಕೇಳುತ್ತ ಅಲ್ಲೇ ನಿದ್ದೆ ಹೋಗುತ್ತಿದ್ದ. ಅವ್ವ ಹೋದ ಮೇಲೂ ಹೊರಗಿನ ಕೋಣೆಯಲ್ಲೇ ಹಾಸಿಕೊಂಡ. ಬೆಳಿಗ್ಗೆ ಬೇಗ ಹೋಗಬೇಕು, ನಿನ್ನ ನಿದ್ದೆ ಕೆಡುತ್ತದೆ ಎಂದ. ಜಗಳವೆಂಬುದಿಲ್ಲ, ಬೈಗುಳವೆಂಬುದಿಲ್ಲ. ಅವನು ಹೋದ ಮೇಲೆ ಬಿಟ್ಟ ಅಂಗಿಯನ್ನು ಒಗೆಯದೆ ಸೋಮವಾರದವರೆಗೆ ಬಾಗಿಲ ಹಿಂದೆ ತೂಗಬಿಡುತ್ತಿದ್ದಳು. ಅದರಲ್ಲಿ ಕಲ್ಲಿನ ಪುಡಿಯ ವಾಸನೆ, ಬೆವರಿನ ವಾಸನೆ. ಅವನು ಬೇಕಾಗಿತ್ತು, ಇಷ್ಟೇ ವಿಷಯ. ನಲವತ್ತೆಂಟಕ್ಕೆ, ತಲೆಗೆ ಬಣ್ಣ ಹಚ್ಚುವ ವಯಸ್ಸಿಗೆ, ಮದುವೆಯಾದ ಗಂಡನೇ ಬೇಕಾಗಿತ್ತು. ಹೇಳಲು ನಾಚಿಕೆಯಾದದ್ದನ್ನು ಅಂಗೈಗೆ ಹೇಳಿಕೊಂಡಳು, ಅಂಗೈ ಉತ್ತರ ಕೊಟ್ಟಿತು.

ಕಾಳು ಕಡಲೆಯಾಯಿತು, ಕಡಲೆ ಒಡೆದು ಹುಣ್ಣಾಯಿತು, ಹುಣ್ಣು ರಕ್ತ ಒಸರಿತು. ಅದಕ್ಕೆ ವಿಭೂತಿ ಹಾಕಿದಳು. ಡಾಕ್ಟರಿಗೆ ತೋರಿಸಿದರೆ ಗದ್ದುಗೆಯನ್ನು ಬೀದಿಗೆ ತಂದಂತೆ ಎನಿಸಿತು. ಕೊನೆಗೆ ಒಬ್ಬ ಹುಡುಗನ ಉತ್ತರಪತ್ರಿಕೆಯ ಮೇಲೆ ರಕ್ತದ ಹನಿ ಬಿದ್ದು, ಹೆಡ್‌ಮಾಸ್ತರರು ಗದರಿ ಕಳಿಸಿದ ಮೇಲೆ ಬಂದದ್ದು ಇಲ್ಲಿಗೆ. ಚೂರು ಕತ್ತರಿಸಿಕೊಂಡ ದಿನದಿಂದ ಬಿಸುಪು ಹೋಯಿತು. ಪಟ್ಟಿ ಕಟ್ಟಿದ ಎಡಗೈ ಬಿಟ್ಟು ಲಿಂಗವನ್ನು ಬಲ ಅಂಗೈ ಮೇಲೆ ಇಟ್ಟು ನೋಡಿದಳು. ತಣ್ಣಗೆ ಕೂತಿತ್ತು. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಕಾಯುತ್ತಾಳೆ, ಏನೂ ಬರುವುದಿಲ್ಲ. ಎರಡು ಸಲ ತಾರೀಖು ತಪ್ಪಿಸಿದ್ದು ಅದಕ್ಕೇ. ಹುಣ್ಣು ಇರಲಿ, ಹೋಗಲಿ, ಒಂದೇ ಒಂದು ಬೆಳಗು ಅದು ತಿರುಗಿ ಬಂದರೆ ಸಾಕು, ಆಮೇಲೆ ಕೈ ಒಯ್ಯಲಿ ಎಂದು.

"ಡಾಕ್ಟರ್, ಒಂದು ಕೇಳಲ್ಯಾ? ಈ ಗಡ್ಡಿ ಬೆಚ್ಚಗ ಇರತದೇನು? ಒಳಗ ಮಿಡದಾಂಗ?"

ಮೃಣಾಲಿನಿ ಕೀಲಿಮಣೆಯಿಂದ ಕೈ ತೆಗೆದಳು. "ಇರಬಹುದು. ಬೆಳಿಯೂ ಗಡ್ಡಿಗಿ ರಕ್ತ ಹೆಚ್ಚು ಬರತದ. ಅದಕ್ಕ ಬೆಚ್ಚಗ ಅನಸತದ. ಯಾಕ?"

"ಸುಮ್ನ ಕೇಳಿದೆ."

ರಕ್ತ. ಹಾಗಾದರೆ ಎರಡು ವರ್ಷ ಕಣ್ಣು ತುಂಬಿಸಿದ್ದು ಅದು. ಕೋಣೆಯ ಫ್ಯಾನು ತಿರುಗುತ್ತಲೇ ಇತ್ತು. ಬಸವೇಶ್ವರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಅತ್ತೆಯ ಮೇಲೆ ತಿರುಗಿಸಲು ನೋಡಿದಳು, ಸತ್ತವಳ ಮೇಲೆ ಅದು ನಿಲ್ಲಲಿಲ್ಲ. ಆಗ ಪ್ರೇಮಲಾಳ ಕೂಸಿನ ನೆತ್ತಿ ನೆನಪಾಯಿತು, ಎಣ್ಣೆ ಹಚ್ಚಿದ ಮೆತ್ತನೆಯ ನೆತ್ತಿ.

"ಇದು ಅಂಟತದೇನ್ರಿ? ಕೈ ಇಟ್ರ, ಮುಟ್ಟಿದ್ರ?"

ಡಾಕ್ಟರು ದನಿ ತಗ್ಗಿಸಿದಳು. "ಬಿಲ್ಕುಲ್ ಇಲ್ಲ. ಮನಿಯವರ ಜೋಡಿ ಇರಾಕ ಏನೂ ತ್ರಾಸಿಲ್ಲ, ಟೀಚರ್. ಹೆದರಬ್ಯಾಡ್ರಿ."

ನಾಚಿಕೆಗೆ ಮುಖ ಉರಿಯಿತು. ನಾನು ಕೇಳಿದ್ದು ಅದಲ್ಲ ಎನ್ನಬೇಕೆಂದುಕೊಂಡಳು. ಅನ್ನಲು ಹೋದರೆ ಕೂಸಿನ ಕತೆ, ಗದ್ದುಗೆಯ ಕತೆ, ಎಲ್ಲ ಬಿಚ್ಚಬೇಕು. ಹ್ಞೂಂ ಎಂದು ಗೋಣು ಹಾಕಿದಳು, ದಿನವೂ ಗಂಡನ ತೋಳಿನ ಮೇಲೆ ಮಲಗುವವಳ ಹಾಗೆ. ಡಾಕ್ಟರು ಆಪರೇಷನ್ನಿಗೆ ಒಪ್ಪಿಗೆಯ ಅರ್ಜಿಯೊಂದನ್ನು ಕೊಟ್ಟಳು. ಅದರಲ್ಲಿ ರೋಗಿಯದೊಂದು, ಮನೆಯವರದೊಂದು ಸಹಿ ಬೇಕು. ಇವತ್ತೇ ಮಾಡಿಸಿ, ಫೋಟೋ ತೆಗೆದು ಕಳಿಸಿ ಎಂದಳು. ಬಸವೇಶ್ವರಿ ಅದನ್ನು ಮಡಿಚಿ ಪರ್ಸಿನಲ್ಲಿಟ್ಟುಕೊಂಡು ತಾಂಡೂರಿನ ಬಸ್ಸು ಹತ್ತಿದಳು. ಮಾಡಿಸುತ್ತೇನೋ ಇಲ್ಲವೋ ಎಂಬುದು ಆಕೆಗೇ ತಿಳಿದಿರಲಿಲ್ಲ.

ಬಸ್ಸಿನಲ್ಲಿ ಪಕ್ಕಕ್ಕೆ ಪಸ್ತಾಪುರದ ಒಬ್ಬ ಮುದುಕಿ ಬಂದು ಕೂತಳು, ಮಗಳ ಮನೆಗೆ ನವಣೆಯ ಗಂಟು ಹೊತ್ತುಕೊಂಡು. ಊರು ದಾಟುವ ತನಕ ಸುಮ್ಮನಿದ್ದು, ಕಬ್ಬಿನ ಹೊಲ ಶುರುವಾದ ಕೂಡಲೇ ಶುರು ಮಾಡಿದಳು.

"ಕೈಗೇನಾಗ್ಯಾದವ್ವ?"

"ಕ್ಯಾನ್ಸರ್ ಅದ. ಗುರುವಾರ ತೆಗೀತಾರ." ಆ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಬಸವೇಶ್ವರಿಗೇ ಆಶ್ಚರ್ಯವಾಯಿತು.

"ಅಯ್ಯ ನನ್ನವ್ವ. ಗಂಡಗ ಹೇಳೀಯೇನು?"

"ಹೇಳಾಕೇ ಹೊಂಟೀನಿ."

"ಮತ್ತ ಮದಲ ನನಗ ಹೇಳಿಬಿಟ್ಟೆಲ್ಲ. ನಾ ಏನ್ ನಿನ್ನ ಗಂಡನೇನು?" ಮುದುಕಿ ಬೊಚ್ಚು ಬಾಯಲ್ಲಿ ನಕ್ಕಳು. ಬಸವೇಶ್ವರಿಗೂ ನಗು ಬಂತು. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕದ್ದು ಯಾರೋ ಗೊತ್ತಿಲ್ಲದವಳ ಭುಜಕ್ಕೆ ಒರಗಿ. ಆಮೇಲೆ ಮುದುಕಿ ನಿದ್ದೆ ಹೋದಳು, ಕಿಟಕಿಯ ಹೊರಗೆ ಕಬ್ಬು ಮುಗಿದು ತೊಗರಿ ಬಂತು, ತೊಗರಿ ಮುಗಿದು ಕಲ್ಲಿನ ಗಣಿಗಳು ಬಂದವು. ತಾಂಡೂರಿಗೆ ಆಕೆ ಬಂದದ್ದು ಹದಿನಾಲ್ಕು ವರ್ಷದಲ್ಲಿ ಎರಡು ಸಲ. ಬಾ ಎಂದು ಅವನು ಕರೆಯಲಿಲ್ಲ, ಬರಲೇ ಎಂದು ಈಕೆ ಕೇಳಲಿಲ್ಲ. ಅಲ್ಲಿ ಇನ್ನೊಬ್ಬಳು ಇರಬಹುದು ಎಂಬ ಸಂಶಯವನ್ನು ಎಷ್ಟೋ ವರ್ಷ ಸಾಕಿಕೊಂಡು ಬಂದಿದ್ದಳು. ಇದ್ದರೆ ಇವತ್ತು ಕಣ್ಣಿಗೆ ಬೀಳುತ್ತಾಳೆ, ಎಲ್ಲ ಒಂದೇ ದಿನ ಮುಗಿಯಲಿ ಎಂದುಕೊಂಡು ಇಳಿದಳು.

ಕಾರ್ಖಾನೆಯಲ್ಲಿ ಯಂತ್ರಗಳ ಗದ್ದಲ, ನೆಲದ ತುಂಬ ಬೂದು ನೀರು. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ವೈಜಿನಾಥ ಒಂದು ಕಲ್ಲಿನ ಮೈ ಮೇಲೆ ಅಂಗೈ ಆಡಿಸುತ್ತ ನುಣುಪು ನೋಡುತ್ತಿದ್ದ. ಹೆಂಡತಿಯನ್ನು ಕಂಡವನೇ ಸುತ್ತಲಿನ ಕೆಲಸಗಾರರನ್ನು ನೋಡಿ, ಆಮೇಲೆ ಆಕೆಯ ಹತ್ತಿರ ಬಂದ.

"ಯಾರರ ಹೋದ್ರೇನು?"

"ಯಾರೂ ಹೋಗಿಲ್ಲ. ಮಾತಾಡೂದದ."

ಹಿತ್ತಲಿನ ಕೋಣೆಗೆ ಕರೆದುಕೊಂಡು ಹೋದ. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಹಗ್ಗದ ಮೇಲೆ ಮೂರು ಅಂಗಿ. ಇನ್ನೊಬ್ಬಳಿಲ್ಲ, ಇಬ್ಬರು ಬಾಳುವಷ್ಟು ಜಾಗವೇ ಆ ಕೋಣೆಯಲ್ಲಿರಲಿಲ್ಲ. ಇದ್ದಿದ್ದರೆ ಸಿಟ್ಟಿಗಾದರೂ ಒಂದು ಮುಖ ಸಿಗುತ್ತಿತ್ತು. ಇಷ್ಟು ವರ್ಷ ಇವನೂ ಹೀಗೆ ಒಂದೇ ತಟ್ಟೆ ತೊಳೆದುಕೊಂಡು ಇದ್ದನೆಂದರೆ ಇಬ್ಬರೂ ಎರಡು ಊರಿನಲ್ಲಿ ಕೂತು ಕಳೆದದ್ದು ಏನನ್ನು? ಅವನು ಮಂಚ ತೋರಿಸಿ ತಾನು ನಿಂತೇ ಇದ್ದ. ಬಸವೇಶ್ವರಿ ಹೇಳಿದಳು. ಗಡ್ಡೆ, ಎಲುಬು, ಬಗಲಿನ ಗಂಟು, ಗುರುವಾರ. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ ಹಾಗೆ ಒಂದರ ಕೆಳಗೊಂದು.

"ಕುಕ್ಕರ್ ಹಬಿ ಅಂದಿದ್ದಿ" ಎಂದ ಕೊನೆಗೆ.

"ಹ್ಞೂಂ. ಸುಳ್ಳು ಹೇಳಿದ್ದೆ."

"ನಂಗ ಗೊತ್ತಿತ್ತು. ಕುಕ್ಕರ್ ಕೆಟ್ಟು ಅಟ್ಟದ ಮ್ಯಾಲ ಬಿದ್ದು ಎರಡು ವರ್ಷಾತು."

"ಗೊತ್ತಿದ್ದು ಯಾಕ ಕೇಳಲಿಲ್ಲ?"

ವೈಜಿನಾಥ ತನ್ನ ಬೂಟಿನ ತುದಿ ನೋಡಿದ. "ಕೇಳಿದ್ರ ನೀ ಹೇಳತಿದ್ದಿ."

ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಇಷ್ಟು ಖರೆ ಮಾತು ಅವನ ಬಾಯಿಂದ ಬಂದದ್ದು ಇದೇ. ತಾನೂ ಡಾಕ್ಟರಿಗೆ ತೋರಿಸದೆ ಕೂತದ್ದು ಬೇರೆ ಯಾವ ಕಾರಣಕ್ಕೆ?

"ನಾ ಇದನ್ನ ದೇವರ ಗುರುತು ಅಂತ ತಿಳಕೊಂಡಿದ್ದೆ" ಎಂದಳು. "ಬೆಚ್ಚಗ ಇರತಿತ್ತು. ಭಾಳ ಛಂದ ಅನಸತಿತ್ತು. ನೀವಿಲ್ಲದಾಗ." ಆ ಕೊನೆಯ ಮಾತು ತಾನಾಗಿಯೇ ಬಂತು. ನುಂಗಿಕೊಳ್ಳಬೇಕೆನ್ನುವಷ್ಟರಲ್ಲಿ ಅವನ ಕಿವಿಗೆ ಬಿದ್ದಾಗಿತ್ತು.

"ಅವ್ವ ನನಗೂ ಹೇಳಿದ್ಲು, ಗದ್ದುಗಿ ಆಗ್ಯಾದ ಅಂತ. ಇಲ್ಲಿ ಎಲ್ಲಾರ ಮುಂದೂ ಹೇಳಿಕೊಂತ ತಿರಗೀನಿ, ನನ್ನ ಹೆಂಡತಿ ಕೈಯಾಗ ಹಿಂಗ ಆಗ್ಯಾದ ನೋಡ್ರಿ ಅಂತ." ಅವನು ಮಂಚದ ಅಂಚಿನಲ್ಲಿ ಕೂತ. "ಅದಕ್ಕ ನಿನ್ನ ಕೋಣಿಗಿ ಬರಾಕ ಇನ್ನಷ್ಟು ಹೆದರಿಕಿ ಆತು. ನೀ ದೊಡ್ಡಾಕಿ ಆಗೀದಿ ಅನಸತು. ತೋರಸು ಜರಾ."

ಬೇಡ ಎಂದಳು. ಅವನು ಕೇಳದೆ ಕೈ ಎಳೆದುಕೊಂಡು ಪಟ್ಟಿ ಬಿಚ್ಚಿದ. ವಾಸನೆ ಬಂತು, ಬಸವೇಶ್ವರಿ ಅವನ ಮೂಗು ನೋಡಿದಳು, ಅದು ಸೊಟ್ಟಗಾಗಲಿಲ್ಲ. ಹುಣ್ಣಿನ ಸುತ್ತ ಹೆಬ್ಬೆರಳು ಊರಿ, ತನ್ನ ಅಂಗೈಯೊಳಗೆ ಆಕೆಯ ಅಂಗೈ ಇಟ್ಟುಕೊಂಡು, ನಾಲ್ಕು ಬೆರಳು ಮುಚ್ಚಿ ಹಿಡಿದ. ಹಿಡಿದು ಕೂತ. ಎಷ್ಟು ವರ್ಷ ಬೇಕೆಂದದ್ದು ಇದೇ. ಬಸವೇಶ್ವರಿ ಉಸಿರು ಹಿಡಿದು ಕಾದಳು. ಅವನು ಒತ್ತುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಉಗುರು ಬೆಳ್ಳಗಾಗುವಷ್ಟು ಒತ್ತುತ್ತಿದ್ದ. ಅಂಗೈಗೆ ಏನೂ ತಿಳಿಯಲಿಲ್ಲ. ಬೆರಳುಗಳಿಗೂ ತಿಳಿಯಲಿಲ್ಲ. ಇನ್ನೊಂದಿಷ್ಟು ಹೊತ್ತು ಕಾದಳು, ದಿನಾ ಬೆಳಿಗ್ಗೆ ಕಾದ ಹಾಗೆ. ಹೋದ ಕಡೆಯಿಂದ ಅದು ಇನ್ನು ಬರುವುದಿಲ್ಲ ಎಂದು ಆಗ ಗೊತ್ತಾಯಿತು. ಬರಬೇಕಾದ ಜಾಗವೇ ಸತ್ತಿತ್ತು.

"ನೋವ ಆಗತದೇನು?" ಅವನು ಕೇಳಿದ.

"ಇಲ್ಲ. ಆ ಕೈ ಬಿಡ್ರಿ. ಅದನ್ನ ಅವರು ಒಯ್ಯತಾರ." ಬಸವೇಶ್ವರಿ ಬಲಗೈ ಚಾಚಿದಳು. "ಇದು ಹಿಡೀರಿ."

ಅವನು ಹಿಡಿದ. ಕಲ್ಲಿನ ನೀರಿನಲ್ಲಿ ದಿನವಿಡೀ ನೆನೆದ ಕೈ, ಒರಟಾಗಿ, ಹಸಿಯಾಗಿ, ತಣ್ಣಗಿತ್ತು. ತಣ್ಣಗಿದೆ ಎಂದು ಆಕೆಗೆ ಗೊತ್ತಾಯಿತು.